ಪರಿಸರಕ್ಕೂ ಭಾರವಾಗದೆ, ಪ್ರಾಣಿಗೂ ಕಷ್ಟವಾಗದೆ ನಾಯಿ-ಬೆಕ್ಕು ಸಾಕುವುದು ಹೇಗೆ?

ಪ್ರಶ್ನೆ: ಡಾಕ್ಟರೇ, ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಒಂದು ನಾಯಿ, ಎರಡು ವರ್ಷದ ಒಂದು ಬೆಕ್ಕು ಇವೆ. ಸಾಕುಪ್ರಾಣಿಗಳಿಂದ ಪರಿಸರದ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಓದಿದ ಮೇಲೆ ಮನಸ್ಸಿಗೆ ಕಸಿವಿಸಿಯಾಗಿ, ಕೆಲವು ತಿಂಗಳಿಂದ ಒಂದೊಂದೇ ಬದಲಾವಣೆ ಮಾಡುತ್ತಿದ್ದೇನೆ. ಎರಡಕ್ಕೂ ಮಾಂಸ ನಿಲ್ಲಿಸಿ ಮನೆಯಲ್ಲೇ ಸಸ್ಯಾಹಾರ ಬೇಯಿಸಿ ಹಾಕುತ್ತಿದ್ದೇನೆ. ನಾಯಿ ಖುಷಿಯಿಂದ ತಿನ್ನುತ್ತದೆ. ಬೆಕ್ಕು ಮೂಸಿ ನೋಡಿ ಹೊರಟುಹೋಗುತ್ತದೆ, ತೀರಾ ಹಸಿವಾದಾಗ ಒಂದಿಷ್ಟು ತಿನ್ನುತ್ತದೆ. ಚಿಗಟ, ಉಣ್ಣೆಗೆ ಬೆನ್ನಿನ ಮೇಲೆ ಹಾಕುತ್ತಿದ್ದ ಡ್ರಾಪ್ಸ್ ನಿಲ್ಲಿಸಿ ಟೀ ಟ್ರೀ ಎಣ್ಣೆ ಹಚ್ಚುವ ಯೋಚನೆಯಿದೆ, ಬಾಟಲಿ ತಂದಿಟ್ಟಿದ್ದೇನೆ. ಬೆಕ್ಕಿಗೆ 'ಟಾಯ್ಲೆಟ್‌ಗೇ ಹಾಕಿ ಫ್ಲಶ್ ಮಾಡಬಹುದು' ಎಂದು ಬರೆದಿರುವ ಲಿಟರ್ (ಬೆಕ್ಕು ಮಲ-ಮೂತ್ರ ಮಾಡುವ ಬಾಕ್ಸ್‌ನಲ್ಲಿ ಹಾಸುವ ಪುಡಿ) ತರುತ್ತಿದ್ದೇನೆ. ನಾಯಿಯ ಮಲ ಹಿತ್ತಲಿನ ಗೊಬ್ಬರದ ಗುಂಡಿಗೆ ಹೋಗುತ್ತದೆ, ಆ ಗೊಬ್ಬರ ತರಕಾರಿ ಗಿಡಗಳಿಗೆ. ಹೊರಗೆ ಹೋದಾಗ ಬಯೋಡಿಗ್ರೇಡಬಲ್ ಚೀಲ. ನನ್ನ ತಂಗಿ ಈಗ ಮೂರು ತಿಂಗಳ ಗರ್ಭಿಣಿ, ನಮ್ಮ ಜೊತೆಗೇ ಇದ್ದಾಳೆ. ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ ಕೆಲವರು, ಇದೆಲ್ಲ ಅತಿಯಾಯಿತು ಅಂತ ಮನೆಯವರು. ನಾನು ಮಾಡುತ್ತಿರುವುದರಲ್ಲಿ ಸರಿ ಯಾವುದು, ತಪ್ಪು ಯಾವುದು?

ಉತ್ತರ: ನಿಮ್ಮ ಕಾಳಜಿ ಅತಿಯಾಯಿತು ಎಂದು ನನಗೆ ಅನ್ನಿಸುವುದಿಲ್ಲ. ಸಾಕುಪ್ರಾಣಿಗಳ ಹೊರೆ ನಿಜವಾದದ್ದು, ಅದನ್ನು ಇಳಿಸುವ ದಾರಿಗಳೂ ಇವೆ. ಆದರೆ ನೀವು ಬರೆದಿರುವುದರಲ್ಲಿ ಕೆಲವನ್ನು ತಕ್ಷಣ ನಿಲ್ಲಿಸಬೇಕು. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ.

ಬೆಕ್ಕಿಗೆ ಅದರ ಹಳೆಯ ಆಹಾರವನ್ನು ಇವತ್ತೇ ಮತ್ತೆ ಕೊಡಿ. ಟೀ ಟ್ರೀ ಎಣ್ಣೆಯ ಬಾಟಲಿಯನ್ನು ತೆರೆಯಬೇಡಿ. ಲಿಟರ್ ಬಾಕ್ಸ್ ತೊಳೆಯುವ ಕೆಲಸ ತಂಗಿಗೆ ಬೇಡ. ಗುಂಡಿಯಲ್ಲಿರುವ ಗೊಬ್ಬರ ತರಕಾರಿಗೆ ಬೇಡ. ಬೆಕ್ಕನ್ನು ಯಾರಿಗೂ ಕೊಡಬೇಕಾಗಿಲ್ಲ.

ಈಗ ಬೆಕ್ಕಿನ ವಿಷಯ. 'ಹಸಿವಾದರೆ ತಾನೇ ತಿನ್ನುತ್ತದೆ' ಎಂಬ ಮಾತು ನಾಯಿಗೆ ಸ್ವಲ್ಪ ಮಟ್ಟಿಗೆ ಒಪ್ಪುತ್ತದೆ, ಬೆಕ್ಕಿಗೆ ಒಪ್ಪುವುದಿಲ್ಲ. ಬೆಕ್ಕು ಎರಡು-ಮೂರು ದಿನ ಸರಿಯಾಗಿ ತಿನ್ನದಿದ್ದರೆ ಮೈಯಲ್ಲಿರುವ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳಲು ಶುರುವಾಗಬಹುದು. ಮೊದಲೇ ದಪ್ಪಗಿದ್ದ ಬೆಕ್ಕಿಗೆ ಈ ಅಪಾಯ ಹೆಚ್ಚು. ಕಿವಿಯ ಒಳಭಾಗ, ಒಸಡು ಹಳದಿಯಾಗುವ ಹೊತ್ತಿಗೆ ಕಾಯಿಲೆ ಸಾಕಷ್ಟು ಮುಂದುವರಿದಿರುತ್ತದೆ. ನಿಮ್ಮ ಬೆಕ್ಕು ಸ್ವಲ್ಪವಾದರೂ ತಿನ್ನುತ್ತಿದೆ ಎನ್ನುವುದು ಸಮಾಧಾನ. ಹಾಗಿದ್ದರೂ ಅದರ ತೂಕವನ್ನು ಈ ವಾರವೇ ನೋಡಿಸಿ.

ಇನ್ನೊಂದು ಅಪಾಯ ಹೊರಗೆ ಕಾಣದೆ ಬೆಳೆಯುತ್ತದೆ. ಬೆಕ್ಕಿನ ದೇಹ ಮಾಂಸಕ್ಕೇ ಹೊಂದಿಕೊಂಡಿರುವಂಥದ್ದು. ಟಾರಿನ್ ಎಂಬ ಪೋಷಕಾಂಶವನ್ನು ನಾಯಿಯ ದೇಹ ಸಾಮಾನ್ಯವಾಗಿ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹದಲ್ಲಿ ಅದು ಸಾಕಾಗುವಷ್ಟು ತಯಾರಾಗುವುದಿಲ್ಲ, ಆಹಾರದಿಂದಲೇ ಬರಬೇಕು. ಧಾನ್ಯ, ಕಾಳು, ತರಕಾರಿಗಳಲ್ಲಿ ಟಾರಿನ್ ಇಲ್ಲವೆಂದೇ ಹೇಳಬಹುದು. ಗಿಡಮೂಲದ ಕ್ಯಾರೊಟಿನ್ ಅನ್ನು ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಟಾರಿನ್ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲಾಗಿ ಹೃದಯ ಹಿಗ್ಗುತ್ತದೆ. ಹೃದಯದ ಈ ಕಾಯಿಲೆಗೆ ಟಾರಿನ್ ಕೊರತೆ ಕಾರಣ ಎಂದು ಅಮೆರಿಕದ ಪಶುವೈದ್ಯರು ಪತ್ತೆ ಮಾಡಿದ್ದು 1987ರಲ್ಲಿ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಸಿದ್ಧ ಆಹಾರ ತಿಂದ ಬೆಕ್ಕುಗಳಲ್ಲೇ ಅದು ಕಾಣಿಸಿಕೊಂಡಿತ್ತು. ಆ ಮೇಲೆ ಬೆಕ್ಕಿನ ಆಹಾರಕ್ಕೆ ಟಾರಿನ್ ಹೆಚ್ಚಿಗೆ ಸೇರಿಸುವುದು ರೂಢಿಯಾಯಿತು. ಸಮಯಕ್ಕೆ ಸರಿಯಾಗಿ ಟಾರಿನ್ ಕೊಟ್ಟರೆ ಹೃದಯ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಆದರೆ ಹೋದ ದೃಷ್ಟಿ ಮರಳುವುದಿಲ್ಲ.

ಕೊರತೆ ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿಯುವುದರಿಂದ 'ನಮ್ಮ ಬೆಕ್ಕು ಚೆನ್ನಾಗಿಯೇ ಇದೆಯಲ್ಲ' ಎಂದು ಅನ್ನಿಸುವುದು ಸಹಜ. ಚೆನ್ನಾಗಿ ಬೆಳಕಿರುವ ಕೋಣೆಯಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇದೆಯೇ, ಕಪಾಟಿನ ಮೇಲೆ ಹಾರುವಾಗ ಅಂದಾಜು ತಪ್ಪುತ್ತಿದೆಯೇ, ಮಲಗಿದ್ದಾಗಲೂ ಹೊಟ್ಟೆ ಜೋರಾಗಿ ಏರಿಳಿಯುತ್ತಿದೆಯೇ, ಇಷ್ಟನ್ನು ಗಮನಿಸಿ. ಯಾವುದೂ ಕಾಣದಿದ್ದರೂ ಕೆಲವು ತಿಂಗಳು ಮಾಂಸವಿಲ್ಲದೆ ಕಳೆದಿರುವ ಬೆಕ್ಕಿಗೆ ರಕ್ತದಲ್ಲಿ ಟಾರಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ವೈದ್ಯರಿಗೆ ಅನುಮಾನ ಬಂದರೆ ಹೃದಯದ ಸ್ಕ್ಯಾನ್ ಕೂಡ.

ಕೃತಕ ಟಾರಿನ್ ಸೇರಿಸಿ ಕಾರ್ಖಾನೆಯಲ್ಲಿ ತಯಾರಿಸಿದ ಸಸ್ಯಾಹಾರಿ ಬೆಕ್ಕಿನ ಆಹಾರ ಸಿಗುತ್ತದೆ ನಿಜ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಸಸ್ಯಾಹಾರದಲ್ಲಿ ಬೆಕ್ಕಿನ ಮೂತ್ರದ ಆಮ್ಲೀಯತೆ ಕಡಿಮೆಯಾಗಿ ಹರಳುಗಳಾಗುವ ಸಾಧ್ಯತೆ ಹೆಚ್ಚುತ್ತದೆ. ಗಂಡು ಬೆಕ್ಕಿಗೆ ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು.

ನಾಯಿಯ ಕಥೆ ಬೇರೆ. ಮನುಷ್ಯರ ಜೊತೆ ಬದುಕುತ್ತಾ ನಾಯಿಗೆ ಪಿಷ್ಟ ಜೀರ್ಣಿಸಿಕೊಳ್ಳುವ ಶಕ್ತಿ ಬಂದಿದೆ. ತೋಳಕ್ಕಿಂತ ನಾಯಿಯಲ್ಲಿ ಅದಕ್ಕೆ ಸಂಬಂಧಿಸಿದ ಜೀನಿನ ಪ್ರತಿಗಳು ಎಷ್ಟೋ ಹೆಚ್ಚು ಇವೆ ಎಂದು 2013ರ ಒಂದು ಅಧ್ಯಯನ ತೋರಿಸಿತು. ಆರೋಗ್ಯವಾಗಿರುವ ವಯಸ್ಕ ನಾಯಿಯನ್ನು ಸರಿಯಾಗಿ ರೂಪಿಸಿದ ಸಸ್ಯಾಹಾರದಲ್ಲಿ ಸಾಕಲು ಸಾಧ್ಯ. ತೊಡಕಿರುವುದು ಆ 'ಸರಿಯಾಗಿ ರೂಪಿಸಿದ' ಎನ್ನುವಲ್ಲಿ. ಪುಸ್ತಕ, ಅಂತರ್ಜಾಲಗಳಲ್ಲಿ ಸಿಗುವ 200 ಮನೆ ಅಡುಗೆ ಪಾಕವಿಧಾನಗಳನ್ನು ಅಮೆರಿಕದ ಸಂಶೋಧಕರು 2013ರಲ್ಲಿ ಲೆಕ್ಕ ಹಾಕಿ ನೋಡಿದರು. ಅವುಗಳಲ್ಲಿ ಶೇ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶ ಸಾಕಷ್ಟಿರಲಿಲ್ಲ. ಇವು ಹೆಚ್ಚಾಗಿ ಮಾಂಸ ಇರುವ ಪಾಕವಿಧಾನಗಳೇ, ಮಾಂಸವನ್ನೂ ತೆಗೆದರೆ ಕೊರತೆ ಇನ್ನಷ್ಟು ಬೆಳೆಯುತ್ತದೆ. ನಾಯಿ ಖುಷಿಯಿಂದ ತಿನ್ನುತ್ತದೆ ಎನ್ನುವುದರಿಂದ ಅದಕ್ಕೆ ಬೇಕಾದದ್ದೆಲ್ಲ ಸಿಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ, ಸತು, ಅಯೋಡಿನ್, ವಿಟಮಿನ್ ಡಿ ಇವೆಲ್ಲ ರುಚಿಯಲ್ಲಿ ತಿಳಿಯುವಂಥವಲ್ಲ. ಮನೆಯಲ್ಲೇ ಬೇಯಿಸಬೇಕೆಂದಿದ್ದರೆ ಪ್ರಾಣಿಪೋಷಣೆ ಓದಿದ ಪಶುವೈದ್ಯರಿಂದ ನಿಮ್ಮ ನಾಯಿಯ ತೂಕ, ವಯಸ್ಸಿಗೆ ತಕ್ಕ ಪಾಕವಿಧಾನ ಬರೆಸಿಕೊಳ್ಳಿ. ಆಮೇಲೆ ಅದರಲ್ಲಿರುವ ಒಂದು ಪದಾರ್ಥವನ್ನೂ ನೀವೇ ಬದಲಿಸಬೇಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಪಾತ್ರೆಗೆ ಬೀಳುತ್ತಿದ್ದರೆ ಈಗಲೇ ತೆಗೆಯಿರಿ. ಮೊದಲೆರಡು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ದ್ರಾಕ್ಷಿಯಿಂದ ಮೂತ್ರಪಿಂಡ ಕೈಕೊಡಬಹುದು.

ಹಾಗಾದರೆ ಬಟ್ಟಲಿನ ಹೊರೆ ಕಡಿಮೆ ಮಾಡುವುದು ಹೇಗೆ? ನಿಮ್ಮ ಅಂದಾಜು ಇಲ್ಲಿ ಸರಿಯಾಗಿದೆ. ನಾಯಿ-ಬೆಕ್ಕಿನಿಂದ ಪರಿಸರದ ಮೇಲೆ ಬೀಳುವ ಹೊರೆಯಲ್ಲಿ ದೊಡ್ಡ ಪಾಲು ಆಹಾರದ್ದೇ. ಆಟಿಕೆ, ಬೆಲ್ಟ್, ಶಾಂಪೂಗಳ ಪಾಲು ಅದರ ಮುಂದೆ ಚಿಕ್ಕದು. ಗ್ರೆಗರಿ ಓಕಿನ್ ಎಂಬ ಅಮೆರಿಕದ ಭೂಗೋಳಶಾಸ್ತ್ರಜ್ಞರು 2017ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಆ ದೇಶದಲ್ಲಿ ಮಾಂಸ, ಹಾಲು, ಮೊಟ್ಟೆಗಾಗಿ ಪ್ರಾಣಿಗಳನ್ನು ಬೆಳೆಸುವುದರಿಂದ ಭೂಮಿ, ನೀರು, ಇಂಧನಗಳ ಮೇಲೆ ಬೀಳುವ ಹೊರೆಯಲ್ಲಿ ಶೇ 25ರಿಂದ 30 ನಾಯಿ-ಬೆಕ್ಕುಗಳ ಊಟದ್ದು. 2020ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು ಜಗತ್ತಿನ ಒಣ ಆಹಾರವನ್ನು ಮಾತ್ರ ತೆಗೆದುಕೊಂಡು ಲೆಕ್ಕ ಹಾಕಿದಾಗ, ಕೃಷಿಯಿಂದಾಗುವ ಹಸಿರುಮನೆ ಅನಿಲಗಳ ಒಟ್ಟು ಹೊರಸೂಸುವಿಕೆಯಲ್ಲಿ ಅದರ ಪಾಲು ಶೇ 1.1ರಿಂದ 2.9 ಎಂದು ಬಂತು. ಇಷ್ಟು ಅಂತರಕ್ಕೆ ಒಂದು ಕಾರಣ, ಒಂದು ಲೆಕ್ಕ ಒಂದು ದೇಶದ್ದು, ಇನ್ನೊಂದು ಇಡೀ ಜಗತ್ತಿನದು. ಇನ್ನೊಂದು ಕಾರಣ ನಿಮ್ಮ ಕೊಳ್ಳುವಿಕೆಗೆ ನೇರವಾಗಿ ಸಂಬಂಧಿಸಿದ್ದು. ಮನುಷ್ಯರು ತಿನ್ನದೆ ಉಳಿಸುವ ಶ್ವಾಸಕೋಶ, ಗುಲ್ಮ, ಯಕೃತ್ತಿನಂಥ ಭಾಗಗಳ ಹೊರೆಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ.

ಆ ಭಾಗಗಳು ಕಳಪೆ ಎಂಬ ನಂಬಿಕೆ ಬಹಳ ಬೇರೂರಿದೆ. 'ಮನುಷ್ಯರು ತಿನ್ನುವ ಗುಣಮಟ್ಟದ ಶುದ್ಧ ಎದೆ ಮಾಂಸ' ಎಂದು ದಪ್ಪ ಅಕ್ಷರದಲ್ಲಿ ಬರೆದ ಪೊಟ್ಟಣವನ್ನು ಪ್ರೀತಿಯಿಂದಲೇ ಕೊಳ್ಳುತ್ತಾರೆ. ಆದರೆ ಅದು ಮನುಷ್ಯರ ತಟ್ಟೆಯೊಂದಿಗೇ ಪೈಪೋಟಿಗಿಳಿಯುವ ಮಾಂಸ, ಅದಕ್ಕಾಗಿ ಇನ್ನಷ್ಟು ಪ್ರಾಣಿಗಳನ್ನು ಬೆಳೆಸಬೇಕು. ಯಕೃತ್ತು, ಹೃದಯ ಪೌಷ್ಟಿಕವಾದವು, ಹೃದಯದಲ್ಲಂತೂ ಟಾರಿನ್ ಧಾರಾಳವಾಗಿದೆ. ವಿಶ್ವಾಸಾರ್ಹ ತಯಾರಕರ, 'ಸಂಪೂರ್ಣ ಮತ್ತು ಸಮತೋಲಿತ' ಎಂದು ನಮೂದಾಗಿರುವ, ಇಂಥ ಉಪ ಉತ್ಪನ್ನಗಳಿರುವ ಆಹಾರವನ್ನು ನಾನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ಮಾಂಸದ ಬಗೆಯನ್ನು ನೋಡಿದರೆ ದನ, ಕುರಿಗಿಂತ ಕೋಳಿಯ ಹೊರೆ ಕಡಿಮೆ. ಕಪ್ಪು ಸೈನಿಕ ನೊಣದ ಮರಿಹುಳುಗಳಿಂದ ಮಾಡಿದ ಆಹಾರವೂ ಈಗ ಬರುತ್ತಿದೆ. ನಾಯಿಗೆ ಅದು ಚೆನ್ನಾಗಿ ಜೀರ್ಣವಾಗುತ್ತದೆ. ನಿಮ್ಮ ನಾಯಿಯ ಮಟ್ಟಿಗೆ ಸಸ್ಯಾಹಾರಕ್ಕಿಂತ ನಾನು ಇದನ್ನೇ ಮೊದಲು ಪ್ರಯತ್ನಿಸಲು ಹೇಳುತ್ತೇನೆ. ಹಸಿ ಮಾಂಸ ಮಾತ್ರ ಬೇಡವೇ ಬೇಡ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬಟ್ಟಲಿಂದ ನೆಲಕ್ಕೆ, ನೆಲದಿಂದ ಕೈಗೆ ಬರುತ್ತವೆ, ಮನೆಯಲ್ಲಿ ಗರ್ಭಿಣಿ ಇದ್ದಾರೆ.

ಡಬ್ಬಿಯ ತೇವದ ಆಹಾರ ಮತ್ತು ಒಣ ಆಹಾರಗಳ ನಡುವಿನ ವ್ಯತ್ಯಾಸ ದೊಡ್ಡದು. ಬ್ರೆಜಿಲ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 10 ಕಿಲೋ ತೂಕದ ನಾಯಿಗೆ ವರ್ಷವಿಡೀ ಒಣ ಆಹಾರ ಹಾಕಿದರೆ ಸುಮಾರು 828 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೊರಬೀಳುತ್ತದೆ, ತೇವದ ಆಹಾರವಾದರೆ ಸುಮಾರು 6,541 ಕಿಲೋ. ನಾಯಿಗೆ ಒಣ ಆಹಾರವೇ ಮುಖ್ಯವಾಗಿರಲಿ. ಬೆಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಮೂತ್ರದ ತೊಂದರೆ, ಮೂತ್ರಪಿಂಡದ ಕಾಯಿಲೆ ಇರುವ ಬೆಕ್ಕಿನ ಹೊಟ್ಟೆಗೆ ನೀರು ಸೇರಲೆಂದೇ ನಾವು ತೇವದ ಆಹಾರ ಹೇಳಿರುತ್ತೇವೆ. ಅಂಥ ಬೆಕ್ಕಿಗೆ ಪರಿಸರದ ಹೆಸರಿನಲ್ಲಿ ಅದನ್ನು ತಪ್ಪಿಸಬಾರದು.

ಆದರೆ ಇದೆಲ್ಲಕ್ಕಿಂತ ಸುಲಭವಾದ ದಾರಿ ಒಂದಿದೆ, ಅದರ ಬಗ್ಗೆ ಯಾರೂ ಜಾಹೀರಾತು ಕೊಡುವುದಿಲ್ಲ: ಪ್ರಾಣಿಗೆ ಬೇಕಾದಷ್ಟೇ ಹಾಕುವುದು. ಚಿಕಿತ್ಸಾಲಯಕ್ಕೆ ಬರುವ ಎಷ್ಟೋ ನಾಯಿ-ಬೆಕ್ಕುಗಳು ಅಗತ್ಯಕ್ಕಿಂತ ದಪ್ಪಗಿರುತ್ತವೆ. ಆ ಹೆಚ್ಚುವರಿ ಕೊಬ್ಬೆಲ್ಲ ಬೇಡದ ಮಾಂಸ, ಬೇಡದ ಧಾನ್ಯ. ಲ್ಯಾಬ್ರಡಾರ್ ನಾಯಿಗಳ ಮೇಲೆ ಅವುಗಳ ಜೀವಮಾನವಿಡೀ ನಡೆಸಿದ ಒಂದು ಅಧ್ಯಯನದಲ್ಲಿ, ಒಡಹುಟ್ಟಿದ ನಾಯಿಗಿಂತ ಶೇ 25 ಕಡಿಮೆ ಆಹಾರ ತಿಂದ ನಾಯಿಗಳು ಸರಾಸರಿ ಎರಡು ವರ್ಷದಷ್ಟು ಹೆಚ್ಚು ಬದುಕಿದವು, ಅವುಗಳಿಗೆ ಕೀಲುನೋವೂ ತಡವಾಗಿ ಬಂತು. ನಿಮ್ಮ ನಾಯಿಯ ಎದೆಗೂಡಿನ ಮೇಲೆ ಅಂಗೈ ಇಟ್ಟು ಒತ್ತದೆ ಸವರಿ. ನಿಮ್ಮದೇ ಕೈಯನ್ನು ಚಾಚಿ ಅದರ ಹಿಂಬದಿ ಸವರಿದಾಗ ಮೂಳೆ ಹೇಗೆ ಬೆರಳಿಗೆ ಸಿಗುತ್ತದೋ ಹಾಗೆ ಪಕ್ಕೆಲುಬು ಸಿಗಬೇಕು. ಹುಡುಕಬೇಕಾಗಿ ಬಂದರೆ ದಪ್ಪವಾಗಿದೆ. ಮುಟ್ಟದೆಯೇ ಎದ್ದು ಕಾಣುತ್ತಿದ್ದರೆ ತೀರಾ ತೆಳ್ಳಗಾಗಿದೆ. ಉದ್ದ ಕೂದಲಿನ ನಾಯಿಯಲ್ಲಿ ಕಣ್ಣನ್ನು ನಂಬಬೇಡಿ, ಕೈಯನ್ನೇ ನಂಬಿ. ಆಹಾರವನ್ನು ಲೋಟದಲ್ಲಿ ಅಳೆಯುವ ಬದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ. ಬಿಸ್ಕತ್ತು, ತಿಂಡಿಗಳು ದಿನದ ಒಟ್ಟು ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ.

ಇನ್ನು ಚಿಗಟ, ಉಣ್ಣೆ. ಡ್ರಾಪ್ಸ್ ಬಗ್ಗೆ ನಿಮಗೆ ಬಂದಿರುವ ಅನುಮಾನಕ್ಕೆ ಆಧಾರವಿದೆ. ಇಂಥ ಬಹಳಷ್ಟು ಡ್ರಾಪ್ಸ್‌ಗಳಲ್ಲಿರುವುದು ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್, ಎರಡೂ ಕೀಟನಾಶಕಗಳೇ. ಸಸೆಕ್ಸ್ ವಿಶ್ವವಿದ್ಯಾಲಯದವರು ಇಂಗ್ಲೆಂಡಿನ 20 ನದಿಗಳ ನೀರಿನ ಮಾದರಿಗಳ ದಾಖಲೆ ತೆಗೆದು ನೋಡಿದಾಗ ಶೇ 98ರಲ್ಲಿ ಫಿಪ್ರೊನಿಲ್ ಇತ್ತು. ಅಲ್ಲಿ ಹೊಲಗದ್ದೆಗಳಲ್ಲಿ ಅದರ ಬಳಕೆ ಇಲ್ಲವೆಂಬಷ್ಟು ಕಡಿಮೆ. ಡ್ರಾಪ್ಸ್ ಹಾಕಿದ ನಾಯಿಯನ್ನು ತೊಳೆದ ನೀರು, ಅದು ಮಲಗುವ ಬಟ್ಟೆ ಒಗೆದ ನೀರು, ಅದನ್ನು ಸವರಿದ ಕೈ ತೊಳೆದ ನೀರು, ಎಲ್ಲದರಲ್ಲೂ ಈ ಔಷಧ ಹೋಗುತ್ತದೆ. ಡ್ರಾಪ್ಸ್ ಹಾಕಿ ನಾಲ್ಕು ವಾರವಾದರೂ ಮಾಲೀಕರ ಕೈ ತೊಳೆದ ನೀರಿನಲ್ಲಿ ಅದು ಸಿಕ್ಕಿದೆ. ಗೂಡಿಗೆ ಪ್ರಾಣಿಗಳ ಕೂದಲು ಹಾಸಿಕೊಳ್ಳುವ ಪುಟ್ಟ ಹಕ್ಕಿಗಳ ಗೂಡುಗಳನ್ನು ಪರೀಕ್ಷಿಸಿದಾಗ ಎಲ್ಲ ಗೂಡುಗಳಲ್ಲೂ ಫಿಪ್ರೊನಿಲ್ ಇತ್ತು. ಆದ್ದರಿಂದ ನಾಯಿಯ ಕೂದಲು ಬಾಚಿ 'ಹಕ್ಕಿಗಳಿಗೆ ಉಪಯೋಗವಾಗಲಿ' ಎಂದು ಹೊರಗೆ ಚೆಲ್ಲುವ ಅಭ್ಯಾಸವಿದ್ದರೆ ಬಿಟ್ಟುಬಿಡಿ.

ಇಷ್ಟು ಹೇಳಿದ ಮೇಲೆ ಟೀ ಟ್ರೀ ಎಣ್ಣೆ ಯಾಕೆ ಬೇಡ? ಬೆಕ್ಕಿನ ಪಿತ್ತಜನಕಾಂಗಕ್ಕೆ ಕೆಲವು ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬಹಳ ಕಡಿಮೆ. ಟೀ ಟ್ರೀ ಎಣ್ಣೆಯ ಅಂಶಗಳು ಚರ್ಮದ ಮೂಲಕ ಒಳಗಿಳಿಯುತ್ತವೆ, ಉಳಿದದ್ದನ್ನು ಬೆಕ್ಕು ತಾನೇ ನೆಕ್ಕಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಜೊಲ್ಲು ಸುರಿಯುತ್ತದೆ, ಹಿಂಗಾಲು ತೂರಾಡುತ್ತವೆ, ಮೈ ನಡುಗುತ್ತದೆ, ದೇಹದ ಉಷ್ಣತೆ ಇಳಿಯುತ್ತದೆ. ಗಾಢ ಎಣ್ಣೆಯಾದರೆ ಸ್ವಲ್ಪವೇ ಸಾಕು, ನಾಯಿಗೂ ಅಪಾಯ. ಗಿಡದಿಂದ ಬಂದದ್ದು ಎಂಬುದು ಸುರಕ್ಷತೆಗೆ ಪುರಾವೆಯಾಗುವುದಿಲ್ಲ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಹೋಗುತ್ತದೆ ಎನ್ನುವುದೂ ಸುಳ್ಳು, ರಕ್ತಹೀನತೆ ಬರುವುದು ನಿಜ. ಇದಕ್ಕೆ ಸೇರಿಸಿ ಇನ್ನೊಂದು ಮಾತು: ನಾಯಿಗೆಂದು ಮಾರುವ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಡ್ರಾಪ್ಸ್ ಅನ್ನು ಬೆಕ್ಕಿಗೆ ಎಂದೂ ಹಾಕಬೇಡಿ. ನಾಯಿಗೆ ಹಾಕಿದ್ದರೂ ಮೈ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಅದರ ಹತ್ತಿರ ಬಿಡಬೇಡಿ. ಈ ಒಂದು ತಪ್ಪಿನಿಂದ ಎಲ್ಲ ಕಡೆಯೂ ಬೆಕ್ಕುಗಳು ಸಾಯುತ್ತಿವೆ.

ಚಿಗಟದ ಬದುಕನ್ನು ಅರ್ಥ ಮಾಡಿಕೊಂಡರೆ ಔಷಧ ತಾನಾಗಿಯೇ ಕಡಿಮೆಯಾಗುತ್ತದೆ. ಪ್ರಾಣಿಯ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಒಟ್ಟು ಸಂಖ್ಯೆಯ ಶೇ 5ರಷ್ಟು ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಕೋಶಗಳಾಗಿ ಹಾಸಿಗೆಯಲ್ಲಿ, ಕಾರ್ಪೆಟ್‌ನಲ್ಲಿ, ನೆಲದ ಬಿರುಕಿನಲ್ಲಿರುತ್ತದೆ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು, ಔಷಧವೂ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಪ್ರಾಣಿಗಳ ಹಾಸಿಗೆಯನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯುವುದು, ಸೋಫಾದ ಸಂದಿ, ಮೂಲೆಗಳನ್ನು ವ್ಯಾಕ್ಯೂಮ್ ಮಾಡಿ ಚೀಲವನ್ನು ಆಗಲೇ ಹೊರಹಾಕುವುದು, ಇವೆರಡು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಜೊತೆಗೆ ಚಿಗಟದ ಬಾಚಣಿಗೆ. ಬಾಲದ ಬುಡ, ಕುತ್ತಿಗೆಯ ಹಿಂದೆ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ. ಸುತ್ತಲೂ ಕೆಂಪು-ಕಂದು ಬಣ್ಣ ಹರಡಿದರೆ ಅದು ಚಿಗಟ ಕುಡಿದು ಹೊರಹಾಕಿದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು. ಎರಡೂ ಪ್ರಾಣಿಗಳನ್ನು ಪರೀಕ್ಷಿಸಿ, ಯಾಕೆಂದರೆ ನಾಯಿಯ ಮೈಯಲ್ಲೂ ಸಾಮಾನ್ಯವಾಗಿ ಇರುವುದು ಬೆಕ್ಕಿನ ಚಿಗಟವೇ.

ಹೊರಗೆ ಹೋಗದ ಬೆಕ್ಕಿಗೆ, ಬಾಚಿದಾಗ ಏನೂ ಸಿಗದಿದ್ದರೆ, ತಿಂಗಳು ತಿಂಗಳು ಡ್ರಾಪ್ಸ್ ಹಾಕಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಎಷ್ಟೋ ಸಲ ಬೇಕಾಗುವುದಿಲ್ಲ. ಉಣ್ಣೆಯ ವಿಷಯದಲ್ಲಿ ಮಾತ್ರ ಇಷ್ಟು ಧೈರ್ಯವಾಗಿ ಹೇಳಲಾರೆ. ಉಣ್ಣೆಯಿಂದ ಹರಡುವ ಎರ್ಲಿಚಿಯಾ, ಬೇಬಿಸಿಯಾ ಎಂಬ ರಕ್ತದ ಸೋಂಕುಗಳಿರುವ ಪ್ರದೇಶದಲ್ಲಿ ನಾಯಿಗೆ ರಕ್ಷಣೆಯನ್ನು ಪೂರ್ತಿ ನಿಲ್ಲಿಸುವುದು ಅದರ ಜೀವವನ್ನು ಪಣಕ್ಕಿಟ್ಟಂತೆ. ಅಂಥಲ್ಲಿ ನುಂಗಿಸುವ ಮಾತ್ರೆ ಒಂದು ಆಯ್ಕೆ. ಮೈಯಿಂದ ತೊಳೆದುಹೋಗುವ ಪ್ರಶ್ನೆ ಇರುವುದಿಲ್ಲ. ಆದರೆ ಮಲದ ಮೂಲಕ ಔಷಧ ಸ್ವಲ್ಪ ಹೊರಹೋಗುತ್ತದೆ, ಹಿಂದೆ ಫಿಟ್ಸ್ ಬಂದಿರುವ ನಾಯಿಗೆ ಕೊಡುವ ಮುಂಚೆ ಯೋಚಿಸಬೇಕಾಗುತ್ತದೆ. ಡ್ರಾಪ್ಸ್ ಅನ್ನೇ ಬಳಸುವುದಾದರೆ ಪೊಟ್ಟಣದ ಮೇಲೆ ಹೇಳಿರುವಷ್ಟು ದಿನ ಸ್ನಾನ, ಕೆರೆ-ಹೊಳೆಯಲ್ಲಿ ಈಜು ಬೇಡ. ಖಾಲಿ ಟ್ಯೂಬನ್ನು ಸಿಂಕಿನಲ್ಲಿ ತೊಳೆಯಬೇಡಿ. ತಂಗಿ ಡ್ರಾಪ್ಸ್ ಹಾಕುವುದೂ ಬೇಡ, ಹಾಕಿದ ದಿನ ನಾಯಿಯನ್ನು ತಬ್ಬಿಕೊಳ್ಳುವುದೂ ಬೇಡ.

ಗೊಬ್ಬರದ ಗುಂಡಿಗೆ ಬರೋಣ. ಹಸುವಿನ ಸಗಣಿ ಗೊಬ್ಬರವಾಗುತ್ತದೆ, ನಾಯಿಯದು ಯಾಕಾಗಬಾರದು ಎಂದು ಬಹಳ ಜನ ಕೇಳುತ್ತಾರೆ. ನಾಯಿಯ ಮಲದಲ್ಲಿ ಟಾಕ್ಸೊಕಾರಾ ಎಂಬ ದುಂಡುಹುಳದ ಮೊಟ್ಟೆಗಳಿರಬಹುದು. ಹೊರಬಿದ್ದ ಕೂಡಲೇ ಅವು ಸೋಂಕು ತರುವುದಿಲ್ಲ. ಮಣ್ಣಿನಲ್ಲಿ ಕೆಲವು ವಾರ ಕಳೆದ ಮೇಲೆ ಆ ಶಕ್ತಿ ಬರುತ್ತದೆ, ಆಮೇಲೆ ವರ್ಷಗಟ್ಟಲೆ ಉಳಿಯುತ್ತವೆ. ಮನುಷ್ಯರ, ಅದರಲ್ಲೂ ಮಣ್ಣಲ್ಲಿ ಆಡುವ ಮಕ್ಕಳ ಹೊಟ್ಟೆ ಸೇರಿದರೆ ಮರಿಹುಳುಗಳು ಪಿತ್ತಜನಕಾಂಗಕ್ಕೆ, ಕೆಲವೊಮ್ಮೆ ಕಣ್ಣಿಗೂ ಹೋಗುತ್ತವೆ. ಇವನ್ನು ಕೊಲ್ಲಲು ಇಡೀ ರಾಶಿ 55-60 ಡಿಗ್ರಿ ಬಿಸಿಯಲ್ಲಿ ದಿನಗಟ್ಟಲೆ ಇರಬೇಕು. ಮನೆಯ ಗುಂಡಿಯಲ್ಲಿ ನಡುಭಾಗ ಬಿಸಿಯಾದರೂ ಅಂಚುಗಳು ತಣ್ಣಗೇ ಇರುತ್ತವೆ. ಈಗಿರುವ ಗೊಬ್ಬರವನ್ನು ಹೂವಿನ ಗಿಡಕ್ಕೆ, ಮರದ ಬುಡಕ್ಕೆ ಕೈಗವಸು ಹಾಕಿಕೊಂಡು ಹಾಕಿ. ನಾಯಿಗೆ ಜಂತುಹುಳದ ಔಷಧ ಯಾವಾಗ ಕೊಟ್ಟಿದ್ದೆಂದು ನೋಡಿ.

ಹಾಗೆಂದು ಹೊರಗೆ ಹೋದಾಗ ಬಿಟ್ಟುಬರುವುದೂ ಸರಿಯಲ್ಲ. ಬೆಲ್ಜಿಯಂನ ಗೆಂಟ್ ನಗರದ ಪಕ್ಕದ ಕಾಡುಗಳಲ್ಲಿ ನಾಯಿಗಳ ಮಲ-ಮೂತ್ರದಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 11 ಕಿಲೋ ಸಾರಜನಕ, 5 ಕಿಲೋ ರಂಜಕ ಬೀಳುತ್ತದೆ ಎಂದು 2022ರಲ್ಲಿ ಅಂದಾಜಿಸಿದ್ದಾರೆ. ಬಡ ಮಣ್ಣಿಗೆ ಹೊಂದಿಕೊಂಡ ಕಾಡುಗಿಡಗಳನ್ನು ಕಳೆಗಳು ನುಂಗಿಹಾಕಲು ಅಷ್ಟು ಸಾಕು. ಮಲವನ್ನು ಎತ್ತಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕುವುದೇ ಹೆಚ್ಚಿನವರಿಗೆ ಸರಿಯಾದ ದಾರಿ. ಒಳಚರಂಡಿ ಶುದ್ಧೀಕರಣ ಘಟಕಕ್ಕೆ ಹೋಗುವ ಕಡೆ, ಸ್ಥಳೀಯ ನಿಯಮ ಒಪ್ಪಿದರೆ, ನಾಯಿಯ ಮಲವನ್ನು ಚೀಲವಿಲ್ಲದೆ ಟಾಯ್ಲೆಟ್‌ಗೆ ಹಾಕಬಹುದು. ಚೀಲದ ಮೇಲಿರುವ 'ಬಯೋಡಿಗ್ರೇಡಬಲ್' ಎಂಬ ಪದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಒಂದು ಬಗೆಯವು ಬಿಸಿಲಿಗೆ ಪುಡಿಪುಡಿಯಾಗುವ ಪ್ಲಾಸ್ಟಿಕ್ ಅಷ್ಟೇ, ಅವನ್ನು ಯುರೋಪಿಯನ್ ಒಕ್ಕೂಟ 2021ರಲ್ಲಿ ನಿಷೇಧಿಸಿತು. ನಿಜವಾಗಿ ಗೊಬ್ಬರವಾಗುವ ಬಗೆಯವುಗಳಲ್ಲೂ ಹೆಚ್ಚಿನವಕ್ಕೆ ಕಾರ್ಖಾನೆಯ ಕಾಂಪೋಸ್ಟ್ ಘಟಕದ ಬಿಸಿ ಬೇಕು, ಕಸದ ಗುಡ್ಡೆಯಲ್ಲಿ ಅವೂ ಹಾಗೆಯೇ ಬಿದ್ದಿರುತ್ತವೆ. ಮನೆಯಲ್ಲಿ ಹೇಗೂ ಬಂದು ಬೀಳುವ ಪೊಟ್ಟಣ, ಕವರುಗಳನ್ನೇ ಬಳಸಿ.

ಲಿಟರ್ ಫ್ಲಶ್ ಮಾಡುವುದನ್ನು ನಿಲ್ಲಿಸಿ, ಪೊಟ್ಟಣದ ಮೇಲೆ ಏನೇ ಬರೆದಿರಲಿ. ಕಾರಣ ಟಾಕ್ಸೊಪ್ಲಾಸ್ಮಾ. ಈ ಪರೋಪಜೀವಿ ಮೊಟ್ಟೆಯಂಥ ರೂಪದಲ್ಲಿ ಬೆಕ್ಕಿನ ಮಲದಲ್ಲಿ ಹೊರಬರುತ್ತದೆ, ಕೊಳಚೆ ನೀರಿನ ಸಾಮಾನ್ಯ ಶುದ್ಧೀಕರಣಕ್ಕೆ ಅದು ಜಗ್ಗುವುದಿಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರ ನೀರುನಾಯಿಗಳು ಇದೇ ಸೋಂಕಿನಿಂದ ಸತ್ತಿವೆ. ನೆಲದಿಂದ ಹರಿದುಬಂದ ನೀರಿನಲ್ಲಿ ಅದು ಸಮುದ್ರ ಸೇರುತ್ತದೆ. ಲಿಟರನ್ನು ಕಟ್ಟಿ ಕಸಕ್ಕೆ ಹಾಕಿ.

ತಂಗಿಯ ವಿಷಯದಲ್ಲಿ ಹೆದರಿಕೆಯನ್ನೂ ಎಚ್ಚರಿಕೆಯನ್ನೂ ಬೇರೆ ಮಾಡೋಣ. ಗರ್ಭಿಣಿಗೆ ಮೊದಲ ಸಲ ಈ ಸೋಂಕು ತಗುಲಿದರೆ ಮಗುವಿಗೆ ಅಪಾಯ ನಿಜ. ಆದರೆ ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ ಒಂದೆರಡು ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಹೊರಬಿದ್ದದ್ದು ಸೋಂಕು ಹರಡುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಅಂದರೆ ಮನೆಯ ಬೇರೆ ಯಾರಾದರೂ ಪ್ರತಿದಿನ ಬಾಕ್ಸ್ ಶುಚಿ ಮಾಡಿದರೆ ಅಪಾಯ ಬಹುತೇಕ ತಪ್ಪುತ್ತದೆ. ಬೆಕ್ಕನ್ನು ಸವರುವುದರಿಂದ ಇದು ಬರುವುದು ತೀರಾ ಅಪರೂಪ. ಅರೆಬೆಂದ ಮಾಂಸ, ತೊಳೆಯದ ತರಕಾರಿ, ಕೈಗವಸಿಲ್ಲದೆ ತೋಟದ ಕೆಲಸ, ಇವು ಹೆಚ್ಚು ಅಪಾಯದ ದಾರಿಗಳು. ರಕ್ತ ಪರೀಕ್ಷೆ ಬೇಕೇ ಎಂದು ತಂಗಿ ತಮ್ಮ ಪ್ರಸೂತಿ ವೈದ್ಯರನ್ನು ಕೇಳಲಿ.

ಯಾವ ಲಿಟರ್ ಒಳ್ಳೆಯದು? ಗಟ್ಟಿಯಾಗಿ ಉಂಡೆಕಟ್ಟುವ ಬೆಂಟೊನೈಟ್ ಜೇಡಿಗಾಗಿ ನೆಲದ ಮೇಲ್ಪದರವನ್ನೇ ಕೆರೆದು ಗಣಿಗಾರಿಕೆ ಮಾಡುತ್ತಾರೆ. ಮರದ ಹೊಟ್ಟಿನ ಗುಳಿಗೆ, ಹಳೆಯ ಕಾಗದದಿಂದ ಮಾಡಿದ್ದು ಎರಡೂ ಅದಕ್ಕಿಂತ ಮೇಲು. ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಎರಡು-ಮೂರು ವಾರದಲ್ಲಿ ಬದಲಿಸಿ. ಬೆಕ್ಕು ಬಾಕ್ಸ್ ಬಿಟ್ಟು ಹಾಸಿಗೆಯ ಮೇಲೆ ಮೂತ್ರ ಮಾಡಲು ಶುರು ಮಾಡಿದರೆ ಅದು ಬೇಡವೆಂದು ಹೇಳುತ್ತಿದೆ ಅಥವಾ ಅದಕ್ಕೆ ಮೂತ್ರದ ತೊಂದರೆಯಿದೆ. ಮೊದಲು ವೈದ್ಯರಲ್ಲಿಗೆ ಒಯ್ಯಿರಿ.

ಬೆಕ್ಕು ಹೊರಗೆ ಹೋಗುತ್ತದೆಯೇ ಎಂದು ನೀವು ಬರೆದಿಲ್ಲ. ಹೋಗುತ್ತಿದ್ದರೆ ಹಕ್ಕಿ, ಓತಿಗಳ ಬೇಟೆಯೂ ಲೆಕ್ಕಕ್ಕೆ ಬರುತ್ತದೆ. ಎಕ್ಸಿಟರ್ ವಿಶ್ವವಿದ್ಯಾಲಯದ 2021ರ ಅಧ್ಯಯನದಲ್ಲಿ, ಧಾನ್ಯವಿಲ್ಲದ, ಹೆಚ್ಚು ಮಾಂಸವಿರುವ ಆಹಾರ ತಿಂದ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 36 ಕಡಿಮೆಯಾಯಿತು. ದಿನಕ್ಕೆ ಐದು-ಹತ್ತು ನಿಮಿಷ ಬೇಟೆಯಂಥ ಆಟ ಆಡಿಸಿದಾಗ ಶೇ 25 ಕಡಿಮೆಯಾಯಿತು. ಕುತ್ತಿಗೆಗೆ ಗಂಟೆ ಕಟ್ಟಿದ್ದರಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮಾಂಸ ಕಡಿತಗೊಳಿಸಿದ ಬೆಕ್ಕು ಹಿತ್ತಲಿನ ಹಕ್ಕಿಗಳ ಕಡೆ ತಿರುಗುವ ಸಾಧ್ಯತೆಯನ್ನು ಈ ಕೋನದಿಂದಲೂ ಯೋಚಿಸಿ. ಒಳಗೇ ಇರಿಸಿ, ದಿನಾ ಆಡಿಸುವುದು ಹಕ್ಕಿಗೂ ಬೆಕ್ಕಿಗೂ ಕ್ಷೇಮ. ಆಡಿಸಿದ ದಾರವನ್ನು ಮಾತ್ರ ಎತ್ತಿಡಿ, ನುಂಗಿದ ದಾರ ಬೆಕ್ಕಿನ ಕರುಳನ್ನೇ ಕೊಯ್ಯುತ್ತದೆ.

ಶಾಂಪೂ, ಆಟಿಕೆಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆರೋಗ್ಯವಂತ ನಾಯಿಗೆ ಕೊಳೆಯಾದಾಗ ಸ್ನಾನ ಸಾಕು, ಬೆಕ್ಕಿಗೆ ಸಾಮಾನ್ಯವಾಗಿ ಬೇಡ. 'ಹಸಿರು' ಎಂದು ಹೊಸದನ್ನು ಕೊಳ್ಳುವುದಕ್ಕಿಂತ ಇರುವುದನ್ನು ಸವೆಯುವವರೆಗೆ ಬಳಸುವುದು ಮೇಲು.

ಕೊನೆಗೆ ಒಂದು ಪ್ರಶ್ನೆ, ನಿಮ್ಮ ಪತ್ರದಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ: ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಬೇಡದ ಒಂದು ಸೂಲಿನ ಮರಿಗಳ ಊಟ, ಔಷಧ, ಬೇಟೆ ಎಲ್ಲವನ್ನೂ ಸೇರಿಸಿದರೆ ಮೇಲೆ ಹೇಳಿದ ಯಾವ ಉಳಿತಾಯವೂ ಅದಕ್ಕೆ ಸಾಟಿಯಾಗುವುದಿಲ್ಲ. ಆಗಿರದಿದ್ದರೆ, ಬೆಕ್ಕಿನ ರಕ್ತ ಪರೀಕ್ಷೆಗೆ ಹೋದಾಗಲೇ ಮಾತಾಡಿ. ಅದರ ಹೃದಯ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆಯೇ ಅರಿವಳಿಕೆ ಕೊಡಬೇಕು. ಶಸ್ತ್ರಚಿಕಿತ್ಸೆಯ ನಂತರ ಪ್ರಾಣಿಗೆ ಬೇಕಾಗುವ ಶಕ್ತಿ ಕಡಿಮೆಯಾಗುತ್ತದೆ, ಹಸಿವು ಹೆಚ್ಚುತ್ತದೆ. ಎಷ್ಟು ಗ್ರಾಂ ಇಳಿಸಬೇಕೆಂದು ಆ ದಿನವೇ ವೈದ್ಯರಿಂದ ಬರೆಸಿಕೊಂಡು ಬನ್ನಿ.